ಕ್ಯಾನು ವಾಪಸ್, ಬಾಟಲಿ ಚರಂಡಿಗೆ: ಎಲ್ಲಾ ಡಿಪಾಜಿಟ್ ಮಹಿಮೆ!

ಭಟ್ಕಳ, ಹೊನ್ನಾವರ, ಕುಮಟಾ: ಮೂರೂ ಊರಿನ ಅಂಗಡಿಗಳಲ್ಲಿ ನೀರು ಎರಡು ಥರ ಮಾರಾಟವಾಗುತ್ತದೆ. ಒಂದು 20 ಲೀಟರಿನ ಕ್ಯಾನು, ಇನ್ನೊಂದು 1 ಲೀಟರಿನ ಬಾಟಲಿ. ಎರಡೂ ಪ್ಲಾಸ್ಟಿಕ್ಕೇ. ಎರಡರೊಳಗೂ ಇರುವುದು ನೀರೇ. ಕೊಳ್ಳುವವರೂ ಅದೇ ಜನ.

ಆದರೆ ಕ್ಯಾನು ಚರಂಡಿಯಲ್ಲಿ ಬಿದ್ದದ್ದನ್ನು ಕಂಡವರು ಅಪರೂಪ. ಬಾಟಲಿ ಬೀಳದ ಚರಂಡಿಯನ್ನು ಕಂಡವರು ಇನ್ನೂ ಅಪರೂಪ.

ಯಾಕೆ ಹೀಗೆ? ಕ್ಯಾನು ಒಯ್ಯುವಾಗ ಜನರಿಗೆ ಪರಿಸರ ಪ್ರೇಮ ಉಕ್ಕಿ ಬರುತ್ತದೆಯೇ? ಬಾಟಲಿ ಹಿಡಿದ ಕೂಡಲೇ ಅದು ಇಂಗಿ ಹೋಗುತ್ತದೆಯೇ? ಅದೇನೂ ಅಲ್ಲ ಸ್ವಾಮಿ. ಕ್ಯಾನಿನ ಮೇಲೆ ಡಿಪಾಜಿಟ್ ಇದೆ, ಬಾಟಲಿ ಮೇಲೆ ಇಲ್ಲ. ಇಷ್ಟೇ ವ್ಯತ್ಯಾಸ.

ಅಡಿಗೆ ಗ್ಯಾಸಿನ ಸಿಲಿಂಡರನ್ನೇ ನೋಡಿ. 14.2 ಕೆ.ಜಿ. ಸಿಲಿಂಡರಿನ ಠೇವಣಿ 2022ರ ಜೂನ್‌ನಲ್ಲಿ 1,450 ರೂ.ನಿಂದ 2,200 ರೂ.ಗೆ ಏರಿತು. ಖಾಲಿ ಸಿಲಿಂಡರನ್ನು ಯಾರಾದರೂ ಶರಾವತಿ ಸೇತುವೆ ಮೇಲಿಂದ ಹೊಳೆಗೆ ಎಸೆಯುತ್ತಾರೆಯೇ? ಅದೇ ಸೇತುವೆ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಹಾರುವ ಬಾಟಲಿಗಳಿಗೆ ಲೆಕ್ಕ ಇಟ್ಟವರಿಲ್ಲ.

ಖಾಲಿಯಾದ ಮೇಲೂ ಬೆಲೆ ಉಳಿದರೆ ವಸ್ತು ವಾಪಸ್ ಬರುತ್ತದೆ. ಬೆಲೆ ಹೋದ ಕೂಡಲೇ ವಸ್ತು ಕಸವಾಗುತ್ತದೆ. ಬೋರ್ಡು, ಭಾಷಣ, ಶಾಲಾ ಮಕ್ಕಳ ಜಾಥಾ ಎಲ್ಲಾ ಆಮೇಲಿನ ಮಾತು.

ಗೋಲಿ ಸೋಡಾದ ಕಾಲದಲ್ಲಿ

ಈ ಪಾಠ ಕರಾವಳಿಯ ಅಂಗಡಿಯವರಿಗೆ ಹೊಸದೂ ಅಲ್ಲ. ಗೋಲಿ ಸೋಡಾ ನಡೆದದ್ದೇ ಇದರ ಮೇಲೆ.

ಹಿರಮ್ ಕಾಡ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1872ರಲ್ಲಿ ಈ ಬಾಟಲಿಗೆ ಪೇಟೆಂಟ್ ಪಡೆದ. ಕುತ್ತಿಗೆಯೊಳಗೆ ಒಂದು ಗಾಜಿನ ಗೋಲಿ, ಬಾಯಿಗೆ ರಬ್ಬರಿನ ಉಂಗುರ. ಒಳಗಿನ ಗ್ಯಾಸು ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಬಿಗಿಯುತ್ತದೆ. ಮುಚ್ಚಳ ಬೇಡ, ಬಿರಡೆ ಬೇಡ. ಹೆಬ್ಬೆರಳಲ್ಲಿ ಒತ್ತಿದರೆ ‘ಟುಸ್’ ಅಂತ ತೆರೆದುಕೊಂಡಿತು.

ದಪ್ಪ ಗಾಜಿನ ಆ ಬಾಟಲಿ ಅದರೊಳಗಿನ ಸೋಡಾಕ್ಕಿಂತ ಎಷ್ಟೋ ಪಾಲು ದುಬಾರಿ. ಹಾಗಾಗಿ ಸೋಡಾ ಕಾರ್ಖಾನೆಯವರು ಖಾಲಿ ಕೊಡದೆ ತುಂಬಿದ್ದು ಕೊಡುತ್ತಿರಲಿಲ್ಲ. ಅಂಗಡಿಯವರು ಗಿರಾಕಿಯನ್ನು ಬಾಟಲಿ ಸಮೇತ ಕದಲಲು ಬಿಡುತ್ತಿರಲಿಲ್ಲ. ‘ಇಲ್ಲೇ ಕುಡಿದು ಇಲ್ಲೇ ಇಟ್ಟು ಹೋಗಿ’ ಎಂಬುದು ಬರೆಯದ ಕಾನೂನು. ಒಳಗಿನ ಗೋಲಿಗಾಗಿ ಬಾಟಲಿ ಒಡೆದ ಹುಡುಗರಿಗೆ ಬೀಳುತ್ತಿದ್ದ ಏಟಿಗೂ ಕಾರಣ ಇದೇ.

ಆಮೇಲೆ ಬಂದ ಗೋಲ್ಡ್ ಸ್ಪಾಟ್, ಲಿಮ್ಕಾ, ಥಮ್ಸ್ ಅಪ್‌ಗಳದ್ದೂ ಅದೇ ಕಥೆ. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟು ಹೋಗಿ, ದೇಶೀ ಪಾನೀಯಗಳು ಊರೂರು ತಲುಪಿದ ಕಾಲ ಅದು. ಒಂದು ಕ್ರೇಟಿಗೆ 24 ಬಾಟಲಿ. ಏಜೆಂಟನಿಗೆ ಡಿಪಾಜಿಟ್ ಕಟ್ಟಿದ ಮೇಲೇ ಮಾಲು. ಒಂದು ಬಾಟಲಿ ಒಡೆದರೂ ಗಲ್ಲಾಪೆಟ್ಟಿಗೆಗೆ ಕತ್ತರಿ.

ಬಸ್ಸಿನೊಳಗಿದ್ದವರಿಗೆ ಕಿಟಕಿಯಿಂದಲೇ ತಂಪು ಸರಬರಾಜು. ಕಂಡಕ್ಟರ್ ರೈಟ್ ಹೇಳಿದರೂ ಬಾಟಲಿ ಇನ್ನೂ ಪ್ರಯಾಣಿಕನ ಕೈಲೇ. ಅಂಗಡಿ ಹುಡುಗ ‘ಬಾಟ್ಲಿ, ಬಾಟ್ಲಿ’ ಅಂತ ಕೂಗುತ್ತಾ ಬಸ್ಸಿನ ಹಿಂದೆ ಓಡುತ್ತಿದ್ದ. ಆ ಓಟಕ್ಕೆ ಪರಿಸರ ಇಲಾಖೆ ಪ್ರಶಸ್ತಿ ಕೊಡಲಿಲ್ಲ. ಆದರೆ ಊರನ್ನು ಶುಚಿಯಾಗಿಟ್ಟದ್ದು ಆ ಓಟವೇ.

ಮನೆ ಬಳಕೆಯಲ್ಲೂ ಖಾಲಿ ಬಾಟಲಿಗೆ ಮರ್ಯಾದೆ ಇತ್ತು. ಕೊರಳಿಗೆ ದಾರ ಕಟ್ಟಿದ ಬಾಟಲಿ ಹಿಡಿದು ಎಣ್ಣೆಗೆ, ಸೀಮೆ ಎಣ್ಣೆಗೆ ಅಂಗಡಿಗೆ ಹೋಗುತ್ತಿದ್ದರು. ಘಟ್ಟದ ಜೇನುತುಪ್ಪ, ಮುರುಗಲ ಹಣ್ಣಿನ ಪಾನಕ ಹಳೆ ಬ್ರಾಂದಿ ಬಾಟಲಿಯಲ್ಲೇ ಪೇಟೆಗೆ ಇಳಿಯುತ್ತಿದ್ದವು. ಕುಡುಕನ ಬಾಟಲಿಯಲ್ಲಿ ಮಡಿವಂತರ ಜೇನು! ತೊಳೆದರೆ ಸರಿ, ಅಷ್ಟೇ.

ಬಾಟಲಿ ‘ಬಿಟ್ಟಿ’ ಆದ ಮೇಲೆ

1990ರ ದಶಕದಿಂದ ಪೆಟ್ ಪ್ಲಾಸ್ಟಿಕ್ಕಿನ ಬಾಟಲಿ ಬಂತು. ಹಗುರ, ಒಡೆಯುವುದಿಲ್ಲ, ಬಸ್ಸಿನಲ್ಲಿ ಜತೆಗೆ ಒಯ್ಯಬಹುದು. ಅಂಗಡಿಯವನಿಗೆ ಕ್ರೇಟಿನ ಕಾಟ ತಪ್ಪಿತು. ಕಂಪೆನಿಗೆ ಖಾಲಿ ಬಾಟಲಿ ಹೊತ್ತು ತರುವ, ತೊಳೆಯುವ ಖರ್ಚು ತಪ್ಪಿತು. ಎಲ್ಲರಿಗೂ ಲಾಭ ಅಂತಲೇ ಕಂಡಿತು.

ಲಾಭ ಹಂಚಿಕೊಂಡರು, ಸರಿ. ನಷ್ಟ ಯಾರ ತಲೆಗೆ ಬಂತು? ತೊಳೆಯುವ ಖರ್ಚು ಉಳಿಸಿದ್ದು ಕಂಪೆನಿ. ಬಾಟಲಿ ಗುಡಿಸುವ ಖರ್ಚು ಬಿದ್ದದ್ದು ಊರಿನ ಮೇಲೆ. ಅಂದರೆ ಮನೆ ತೆರಿಗೆ, ಅಂಗಡಿ ತೆರಿಗೆ ಕಟ್ಟುವವರ ಮೇಲೆ. ಕುಡಿಯದವನೂ ಕುಡಿದವನ ಬಾಟಲಿಗೆ ದುಡ್ಡು ಕೊಡುವ ಏರ್ಪಾಡು ಇದು.

ಮಳೆಗಾಲದಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ದಿನ 500 ಮಿ.ಮೀ. ದಾಟಿ ಮಳೆ ಸುರಿಯಿತು, ಅಂಗಡಿಗಳೊಳಗೆ ನೀರು ನುಗ್ಗಿ ಮಾಲು ಹಾಳಾಯಿತು. ಅಂಥ ಮಳೆಗೆ ಬಾಟಲಿಯೊಂದನ್ನೇ ದೂರುವುದು ನ್ಯಾಯವಲ್ಲ. ಆದರೆ ಸಾಧಾರಣ ಮಳೆಗೂ ರಸ್ತೆ ಹೊಳೆಯಾದಾಗ ಮೋರಿಯ ಬಾಯಿಗೆ ಕೈ ಹಾಕಿ ನೋಡಲಿ. ಮೊದಲು ಕೈಗೆ ಸಿಗುವುದೇ ಬಾಟಲಿ.

ಚರಂಡಿ ದಾಟಿದ್ದು ಹೊಳೆಗೆ, ಹೊಳೆ ದಾಟಿದ್ದು ಕಡಲಿಗೆ. ಇಲ್ಲೊಂದು ವಿಚಿತ್ರ ಇದೆ. ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ. ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್, ನೀರಿಗಿಂತ ಹಗುರ. ಹಾಗಾಗಿ ಮುಚ್ಚಳ ಬಿಟ್ಟ ಬಾಟಲಿ ನೀರು ತುಂಬಿ ತಳ ಸೇರುತ್ತದೆ, ಮುಚ್ಚಳ ಮಾತ್ರ ತೇಲಿ ದಡಕ್ಕೆ ಬರುತ್ತದೆ. ಕಡಲತೀರದಲ್ಲಿ ಬಣ್ಣಬಣ್ಣದ ಮುಚ್ಚಳ ಕಂಡರೆ ಅದರ ಬಾಟಲಿ ತಳದಲ್ಲಿದೆ ಅಂತ ತಿಳಿಯಬಹುದು. 2020ರಲ್ಲಿ ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಬಾವುಟ ಏರಿಸಿದ್ದು ಹೆಮ್ಮೆಯ ಸಂಗತಿ. ಆದರೆ ಬಾವುಟದ ಕೆಳಗೆ ದಿನಾ ಗುಡಿಸಬೇಕಲ್ಲ!

ಗಾಜು ಹೊಕ್ಕುವುದು ಯಾರ ಕಾಲಿಗೆ?

ಪ್ಲಾಸ್ಟಿಕ್ಕಿಗಿಂತ ಕ್ರೂರವಾದದ್ದು ಗಾಜಿನದು. ಕ್ವಾರ್ಟರ್ ಬಾಟಲಿ, ಬಿಯರ್ ಬಾಟಲಿ. ಸಂಜೆಯಾದರೆ ಹೆದ್ದಾರಿ ಬದಿಯ ಗದ್ದೆ ಬದು, ದೇವಿಮನೆ ಘಟ್ಟದ ತಿರುವು, ಗೇರುಸೊಪ್ಪೆ ಘಟ್ಟದ ರಸ್ತೆ ಬದಿ, ಕಡಲತೀರದ ಗಾಳಿಮರದ ನೆರಳು ಎಲ್ಲಾ ಬಾರೇ. ಕುಡಿದವರು ಕಾರು ಹತ್ತಿ ಹೋಗುತ್ತಾರೆ. ಬಾಟಲಿಯನ್ನು ಕಲ್ಲಿಗೆ ಎಸೆದು ಒಡೆದರೆ ಮಜಾ ಇನ್ನೊಂದು ಸುತ್ತು.

ನಾಟಿಗೆ ಗದ್ದೆಗಿಳಿಯುವ ಹೆಂಗಸರ ಕಾಲಲ್ಲಿ ಬೂಟಿಲ್ಲ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿ ಬಳಚು ಹೆಕ್ಕಲು ಇಳಿಯುವವರಿಗೂ ಇಲ್ಲ. ಕೆಸರಿನೊಳಗೆ ಕೈ ಕಾಲು ಆಡಿಸಿ ಚಿಪ್ಪು ಹುಡುಕುವ ಕೆಲಸ ಅದು. ಅಲ್ಲಿ ಚಿಪ್ಪು ಯಾವುದು ಗಾಜು ಯಾವುದು ಅಂತ ಕಣ್ಣಿಗೆ ಕಾಣುವುದಿಲ್ಲ, ರಕ್ತ ಬಂದ ಮೇಲೇ ಗೊತ್ತಾಗುವುದು. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗು ಪ್ರದೇಶವಾಯಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕೆಸರಿನೊಳಗಿನ ಗಾಜು ಕರಗುವುದಿಲ್ಲ.

ಒಂದು ಬಾಟಲಿಯ ಮಜಾ ಐದು ನಿಮಿಷ. ಕಾಲು ಕೊಯ್ದುಕೊಂಡ ಕೂಲಿಯವಳಿಗೆ ವಾರದ ಕೂಲಿ ಹೋಯಿತು, ಮೇಲೆ ಟಿಟಿ ಇಂಜೆಕ್ಷನ್, ಮುಲಾಮು. ಬಾಟಲಿಯ ಬೆಲೆ ಕೊನೆಗೂ ಸಂದಾಯವಾಗುತ್ತದೆ. ಸಂದಾಯ ಮಾಡುವವರು ಬೇರೆ, ಅಷ್ಟೇ.

ಗುಜರಿ ತಕ್ಕಡಿಯ ಲೆಕ್ಕ

‘ಗುಜರಿಯವರು ಇದ್ದಾರಲ್ಲ, ಹೆಕ್ಕಿಕೊಂಡು ಹೋಗ್ತಾರೆ ಬಿಡಿ’ ಅನ್ನುವವರಿದ್ದಾರೆ. ಅವರು ಒಂದು ಸಣ್ಣ ಲೆಕ್ಕ ಕೇಳಬೇಕು.

1 ಲೀಟರಿನ ನೀರಿನ ಬಾಟಲಿ ಖಾಲಿಯಾದ ಮೇಲೆ ತೂಗುವುದು ಸುಮಾರು 20ರಿಂದ 25 ಗ್ರಾಂ. ಒಂದು ಕೆ.ಜಿ. ಆಗಬೇಕಾದರೆ 40ರಿಂದ 50 ಬಾಟಲಿ ಬೇಕು. ಅಷ್ಟು ಸಲ ಸೊಂಟ ಬಗ್ಗಿಸಿ, ಕೆಸರು ತೊಡೆದು, ಮೂಟೆ ಹೊತ್ತು ಗುಜರಿ ಅಂಗಡಿಗೆ ನಡೆದರೆ ಸಿಗುವುದು ಒಂದು ಕೆ.ಜಿ. ಪ್ಲಾಸ್ಟಿಕ್ಕಿನ ರೇಟು. ಮಾರ್ಕೆಟ್ ಬಿದ್ದ ದಿನ ಅದೂ ಇಲ್ಲ. ಹಾಗಾಗಿ ಹೆಕ್ಕುವವರು ಗುಂಪಾಗಿ ಬಿದ್ದ ಜಾಗಕ್ಕೆ ಮಾತ್ರ ಹೋಗುತ್ತಾರೆ. ಬಸ್ ಸ್ಟ್ಯಾಂಡು, ಕಲ್ಯಾಣ ಮಂಟಪ, ಜಾತ್ರೆ ಬಯಲು. ಹೆದ್ದಾರಿ ಬದಿ ಒಂದೊಂದೇ ಬಿದ್ದ ಬಾಟಲಿಗೆ ಯಾರೂ ಬಗ್ಗುವುದಿಲ್ಲ. ಬಗ್ಗಬೇಕು ಅಂತ ಹೇಳುವ ಹಕ್ಕು ಯಾರಿಗಿದೆ?

ಅದೇ ಒಂದೊಂದು ಬಾಟಲಿಗೆ 2 ರೂಪಾಯಿ ಡಿಪಾಜಿಟ್ ಇದ್ದಿದ್ದರೆ? 40 ಬಾಟಲಿಗೆ 80 ರೂಪಾಯಿ. ಆಗ ಮಾರ್ಕೆಟ್ ಏಳಲಿ ಬೀಳಲಿ, ರೇಟು ಗಟ್ಟಿ. ಹೆದ್ದಾರಿ ಬದಿಯ ಒಂಟಿ ಬಾಟಲಿಗೂ ಬಗ್ಗುವವರು ಹುಟ್ಟಿಕೊಳ್ಳುತ್ತಾರೆ.

ಗಾಜಿನ ಸ್ಥಿತಿ ಇನ್ನೂ ಕಷ್ಟ. ಇಡೀ ಬಿಯರ್ ಬಾಟಲಿಗೆ ಗುಜರಿಯಲ್ಲಿ ಬೆಲೆ ಉಂಟು, ಯಾಕೆಂದರೆ ಅದು ತೊಳೆದು ಮತ್ತೆ ತುಂಬಲು ಹೋಗುತ್ತದೆ. ಒಡೆದ ಗಾಜಿಗೆ, ಸಣ್ಣ ಕ್ವಾರ್ಟರಿಗೆ ಆ ಮರ್ಯಾದೆ ಇಲ್ಲ. ಭಾರ ಜಾಸ್ತಿ, ಬೆಲೆ ಕಮ್ಮಿ, ಸಾಗಿಸುವ ಬಾಡಿಗೆಗೂ ಸಾಲುವುದಿಲ್ಲ. ಅಗ್ಗದ ಮದ್ಯ ಬರುವ ಟೆಟ್ರಾ ಪ್ಯಾಕಂತೂ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಅಂಟಿಕೊಂಡ ಮಾಲು. ಗುಜರಿಯವರು ಅದನ್ನು ಕಂಡರೆ ಮುಖ ತಿರುಗಿಸುತ್ತಾರೆ.

ನೀಲಗಿರಿಯ 10 ರೂಪಾಯಿ

ಇದೆಲ್ಲ ಪುಸ್ತಕದ ಬದನೆಕಾಯಿ ಅನ್ನುವವರು ನೆರೆ ರಾಜ್ಯದ ನೀಲಗಿರಿಯನ್ನು ನೋಡಬೇಕು. ಅಲ್ಲಿಯೂ ಘಟ್ಟ, ಅಲ್ಲಿಯೂ ಪ್ರವಾಸಿಗಳು, ಅಲ್ಲಿಯೂ ರಸ್ತೆ ಬದಿ ಬಾಟಲಿ ಒಡೆಯುವ ಚಾಳಿ. ಕಾಡಿನಲ್ಲಿ ಬಿದ್ದ ಗಾಜು ಆನೆಗಳ ಪಾದಕ್ಕೆ ಹೊಕ್ಕು ಅವು ನರಳುವ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಕೋರ್ಟು ಚಾಟಿ ಬೀಸಿದ ಮೇಲೆ 2022ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು, ಅಂದರೆ ಟಾಸ್ಮಾಕ್, ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆಯತೊಡಗಿದವು. ಖಾಲಿ ತಂದುಕೊಟ್ಟರೆ 10 ರೂಪಾಯಿ ವಾಪಸ್.

ಏನಾಯಿತು? ಮಾರಾಟವಾದ ಬಾಟಲಿಗಳಲ್ಲಿ ಶೇ. 90ಕ್ಕೂ ಹೆಚ್ಚು ವಾಪಸ್ ಬಂದವು. ಕುಡುಕರಿಗೆ ರಾತ್ರೋರಾತ್ರಿ ಜ್ಞಾನೋದಯ ಆಗಲಿಲ್ಲ. ಎಸೆದರೆ 10 ರೂಪಾಯಿ ಎಸೆದಂತೆ ಅಂತ ಗೊತ್ತಾಯಿತು. ಎಸೆದವರ ಬಾಟಲಿಯನ್ನೂ ಇನ್ನೊಬ್ಬರು ಹೆಕ್ಕಿ ತಂದರು. ಆಮೇಲೆ ಈ ಪದ್ಧತಿ ತಮಿಳುನಾಡಿನ ಬೇರೆ ಜಿಲ್ಲೆಗಳಿಗೂ ಇಳಿಯಿತು.

2022ರಲ್ಲೇ ಕೇದಾರನಾಥದ ದಾರಿಯಲ್ಲಿ ಪ್ಲಾಸ್ಟಿಕ್ ಬಾಟಲಿಗೂ ಇದೇ ಪ್ರಯೋಗ ನಡೆಯಿತು. ಬಾಟಲಿಗೆ ಕ್ಯೂಆರ್ ಚೀಟಿ ಅಂಟಿಸಿ 10 ರೂಪಾಯಿ ಮುಂಗಡ, ಖಾಲಿ ಕೊಟ್ಟಾಗ ಹಣ ವಾಪಸ್. ಕೇರಳದ ಸರ್ಕಾರಿ ಮದ್ಯದಂಗಡಿಗಳಲ್ಲಿ 2025ರ ಸೆಪ್ಟೆಂಬರಿನಲ್ಲಿ ತಿರುವನಂತಪುರ ಮತ್ತು ಕಣ್ಣೂರು ಜಿಲ್ಲೆಗಳ ಕೆಲವು ಮಳಿಗೆಗಳಿಂದ 20 ರೂಪಾಯಿಯ ಡಿಪಾಜಿಟ್ ಶುರುವಾಯಿತು. ಕಾರವಾರದಾಚೆಯ ಗೋವಾ ಸರ್ಕಾರ 2024ರಲ್ಲೇ ಡಿಪಾಜಿಟ್ ಯೋಜನೆಯ ಅಧಿಸೂಚನೆ ಹೊರಡಿಸಿತು.

ದೂರದ ದೇಶಗಳಲ್ಲಂತೂ ಇದು ಹಳೆ ಮಾತು. ಅಮೆರಿಕದ ಒರೆಗಾನ್ ರಾಜ್ಯ 1971ರಲ್ಲೇ ಬಾಟಲಿ ಕಾನೂನು ಮಾಡಿತು. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸುವ ಬಾಟಲಿ, ಡಬ್ಬಿಗಳ ಮೇಲೆ 25 ಸೆಂಟ್ ಡಿಪಾಜಿಟ್ ಇದೆ. ಅಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮೀರಿ ವಾಪಸ್ ಬರುತ್ತವೆ.

ಅಂಗಡಿಯವನ ಗೋಳು ಕೇಳುವವರಾರು?

ಇಷ್ಟು ಹೇಳಿದ ಮೇಲೆ ಅಂಗಡಿಯವರ ಮುಖ ಗಂಟಾಗುವುದು ಸಹಜ. ‘ಮಾರೋದೂ ನಾವೇ, ಹೆಕ್ಕೋದೂ ನಾವೇನಾ?’ ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಗೋಲಿ ಸೋಡಾ ಕಾಲಕ್ಕೆ ಮರಳಿ ಅಂತ ಉಪದೇಶ ಮಾಡುವುದು ಸುಲಭ. ಹತ್ತು ಅಡಿ ಅಂಗಡಿಯಲ್ಲಿ ಖಾಲಿ ಮೂಟೆ ಇಡುವುದು ಸುಲಭವಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯೊಂದು ದಿನಕ್ಕೆ 60 ನೀರಿನ ಬಾಟಲಿ ಮಾರುತ್ತದೆ ಅಂತಿಟ್ಟುಕೊಳ್ಳಿ. ಬಾಟಲಿಗೆ 2 ರೂಪಾಯಿಯಂತೆ 120 ರೂಪಾಯಿ ಡಿಪಾಜಿಟ್ಟನ್ನು ಅಂಗಡಿಯವನು ಏಜೆಂಟನಿಗೆ ಮೊದಲೇ ಕೊಟ್ಟಿರಬೇಕು. ಖಾಲಿ ತಂದವನಿಗೆ ಕೈಯಿಂದ ಕೊಡಬೇಕು. ಏಜೆಂಟ್ ವಾರಕ್ಕೊಮ್ಮೆ ಬಂದರೆ 800 ರೂಪಾಯಿಗೂ ಮೇಲೆ ಹಣ ಸಿಕ್ಕಿಬೀಳುತ್ತದೆ. 60 ಖಾಲಿ ಬಾಟಲಿ ಅಂದರೆ ಸುಮಾರು ಒಂದು ಅಕ್ಕಿ ಮೂಟೆಯ ಜಾಗ. ವಾರಕ್ಕೆ ಏಳು ಮೂಟೆ. ಸಿಹಿ ಪಾನೀಯದ ಬಾಟಲಿಯಾದರೆ ಇರುವೆ, ನೊಣ, ಜಿರಳೆ ಬೇರೆ. ತಮಿಳುನಾಡಿನಲ್ಲಿ ಟಾಸ್ಮಾಕ್ ನೌಕರರೇ ಜಾಗ ಇಲ್ಲ, ಕೆಲಸದ ಹೊರೆ ಜಾಸ್ತಿ ಅಂತ ಪ್ರತಿಭಟನೆಗೆ ಇಳಿದರು. ಸಂಬಳ ಬರುವವರಿಗೇ ಹೀಗಾದರೆ ಗೂಡಂಗಡಿಯವನ ಗತಿ?

ಅದಕ್ಕೆ ಉತ್ತರವೂ ಇದೆ. 2024ರಲ್ಲಿ ಡಿಪಾಜಿಟ್ ಶುರು ಮಾಡಿದ ಐರ್ಲೆಂಡಿನಲ್ಲಿ ಖಾಲಿ ತೆಗೆದುಕೊಳ್ಳುವ ಅಂಗಡಿಗೆ ಒಂದೊಂದು ಬಾಟಲಿಗೆ ಇಷ್ಟು ಅಂತ ನಿರ್ವಹಣಾ ಶುಲ್ಕ ಸಿಗುತ್ತದೆ. ಅಂದರೆ ಖಾಲಿ ತೆಗೆದುಕೊಳ್ಳುವುದು ಉಪಕಾರವಲ್ಲ, ವ್ಯಾಪಾರ. ಇಲ್ಲಿಯೂ ಬಾಟಲಿಗೆ ನಾಲ್ಕಾಣೆ ಎಂಟಾಣೆಯಾದರೂ ಅಂಗಡಿಗೆ ಉಳಿಯಬೇಕು. ತೀರಾ ಸಣ್ಣ ಅಂಗಡಿಗೆ ಒತ್ತಾಯ ಇರಬಾರದು. ಪೇಟೆಗೆ ಎರಡೋ ಮೂರೋ ಖಾಲಿ ಕೇಂದ್ರ ಇದ್ದರೆ ಸಾಕು. ಅದನ್ನು ಗುಜರಿಯವರಿಗೇ, ಸ್ತ್ರೀಶಕ್ತಿ ಸಂಘದವರಿಗೇ ಕೊಟ್ಟರೆ ಕೆಲಸವೂ ಹುಟ್ಟುತ್ತದೆ.

ಇನ್ನೊಂದು ಮುಖ್ಯ ಮಾತು. ಅಂಗಡಿಯವನು ತಾನೇ ಒಳ್ಳೆ ಬುದ್ಧಿ ಮಾಡಿ ಬಾಟಲಿಗೆ 2 ರೂಪಾಯಿ ಡಿಪಾಜಿಟ್ ಇಟ್ಟರೆ ಏನಾಗುತ್ತದೆ? ಎಂಆರ್‌ಪಿಗಿಂತ ಹೆಚ್ಚು ಪಡೆದ ಅಂತ ಕೇಸು! ಪೊಟ್ಟಣದ ಮೇಲೆ ಮುದ್ರಿಸಿದ ಬೆಲೆಗಿಂತ ಹೆಚ್ಚು ಪಡೆಯುವುದು 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ತಪ್ಪು. ‘ಕೂಲಿಂಗ್ ಚಾರ್ಜ್’ ಹೆಸರಿನಲ್ಲಿ ಎರಡು ರೂಪಾಯಿ ಜಾಸ್ತಿ ಕೇಳಿದಾಗ ಗಿರಾಕಿಗಳು ಜಗಳಕ್ಕೆ ನಿಲ್ಲುವುದು ಎಲ್ಲರಿಗೂ ಗೊತ್ತು. ಹಾಗಾಗಿ ಡಿಪಾಜಿಟ್ ಎಷ್ಟು ಅಂತ ಬಾಟಲಿಯ ಮೇಲೇ ಬೆಲೆಯ ಪಕ್ಕ ಅಚ್ಚಾಗಬೇಕು. ಅದು ಸರ್ಕಾರದ ಮತ್ತು ಕಂಪೆನಿಯ ಕೆಲಸ, ಅಂಗಡಿಯವನದಲ್ಲ.

ಕಾನೂನು ಇದೆ, ಕಾಲು ಇಲ್ಲ

ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ನಿಷೇಧಿಸಿತು. ಕೈಚೀಲ, ಫ್ಲೆಕ್ಸು, ತಟ್ಟೆ, ಲೋಟ, ಚಮಚ ಹೋದವು, ಕಡತದಲ್ಲಾದರೂ ಹೋದವು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಇನ್ನೊಂದು ಪಟ್ಟಿ ನಿಷೇಧಿಸಿತು. ಎರಡೂ ಪಟ್ಟಿಯಲ್ಲಿ ಕುಡಿಯುವ ನೀರಿನ ಬಾಟಲಿ ಇಲ್ಲ. ಪೇಟೆಯ ಅಂಗಡಿಯಲ್ಲಿ ತೆಳು ಚೀಲ ಸಿಕ್ಕರೆ ದಂಡ. ಅದೇ ಅಂಗಡಿಯ ಬಾಟಲಿ ಲೋಡಿಗೆ ಸಲಾಮು.

2022ರ ಫೆಬ್ರವರಿಯ ಕೇಂದ್ರದ ನಿಯಮ ಮಾತ್ರ ಕಂಪೆನಿಗಳಿಗೆ ಜವಾಬ್ದಾರಿ ಹೊರಿಸಿತು. ಮಾರಿದಷ್ಟು ಪ್ಲಾಸ್ಟಿಕ್ ವಾಪಸ್ ತೆಗೆಸಬೇಕು, ಅದಕ್ಕೆ ಡಿಪಾಜಿಟ್ ಪದ್ಧತಿಯನ್ನೂ ನಡೆಸಬಹುದು ಅಂತ ಅದರಲ್ಲಿದೆ. ‘ನಡೆಸಬಹುದು’ ಅಂದರೆ ನಡೆಸದೆಯೂ ಇರಬಹುದು. ಎಲ್ಲೋ ದೊಡ್ಡ ಶಹರದಲ್ಲಿ ಹೆಕ್ಕಿದ ಪ್ಲಾಸ್ಟಿಕ್ಕಿನ ಸರ್ಟಿಫಿಕೇಟ್ ಕೊಂಡರೂ ಕಂಪೆನಿಯ ಲೆಕ್ಕ ಚುಕ್ತಾ. ಹೊನ್ನಾವರದ ಮೋರಿಯಲ್ಲಿ ಸಿಕ್ಕಿಕೊಂಡ ಬಾಟಲಿ ಅಲ್ಲೇ ಇರುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಇಡೀ ಜಿಲ್ಲೆಗೆ ಒಂದೇ ದಿನ ಜಾರಿ ಅಂತ ಘೋಷಿಸಿದರೆ ಗೊಂದಲ ಖಂಡಿತ. ಹೆದ್ದಾರಿ 66ರ ಬಸ್ಸಿನಲ್ಲಿ ಕೂತವನು ಮಂಗಳೂರಿನಲ್ಲಿ ಬಾಟಲಿ ಕೊಂಡು, ಭಟ್ಕಳದಲ್ಲಿ ಕುಡಿದು, ಕುಮಟಾದಲ್ಲಿ ಇಳಿಯುತ್ತಾನೆ. ಡಿಪಾಜಿಟ್ ಕೊಟ್ಟದ್ದು ಎಲ್ಲಿ, ಕೇಳುವುದು ಎಲ್ಲಿ? ಗೋವಾದ ಖಾಲಿ ಬಾಟಲಿ ಲಾರಿಯಲ್ಲಿ ತಂದು ಇಲ್ಲಿ ಹಣ ಕೇಳುವ ಚಾಲಾಕಿಗಳೂ ಹುಟ್ಟುತ್ತಾರೆ. ನೀಲಗಿರಿ, ಕೇದಾರನಾಥಗಳಲ್ಲಿ ಕೆಲಸ ಕೆಟ್ಟಿಲ್ಲದ್ದಕ್ಕೆ ಒಂದು ಕಾರಣ ಹೋಗಿ ಬರುವ ದಾರಿಗಳು ಕಡಿಮೆ ಇರುವುದು. ಕೊಂಡದ್ದೂ ಅಲ್ಲೇ, ಕುಡಿದದ್ದೂ ಅಲ್ಲೇ.

ಇಲ್ಲಿಯೂ ಅಂಥ ಜಾಗಗಳಿವೆ. ಭಟ್ಕಳ ತಾಲೂಕಿನ ಮುರ್ಡೇಶ್ವರ, ಹೊನ್ನಾವರದ ಕಾಸರಕೋಡು, ಕುಮಟಾ ತಾಲೂಕಿನ ಗೋಕರ್ಣ. ಪ್ರವಾಸಿಗಳು ಅಲ್ಲೇ ಕೊಳ್ಳುತ್ತಾರೆ, ಅಲ್ಲೇ ಕುಡಿಯುತ್ತಾರೆ, ಅಲ್ಲೇ ಎಸೆಯುತ್ತಾರೆ. ಮೊದಲು ಅಲ್ಲಿ ಚೀಟಿ ಅಂಟಿಸಿ ಡಿಪಾಜಿಟ್ ಇಡಲಿ. ಹೊರಡುವ ದಾರಿಯಲ್ಲಿ, ಪಾರ್ಕಿಂಗ್ ಬದಿಯಲ್ಲಿ ಖಾಲಿ ಕೇಂದ್ರ ತೆರೆಯಲಿ. ಚೀಟಿ ಇದ್ದ ಬಾಟಲಿಗೆ ಮಾತ್ರ ಹಣ ಅಂದರೆ ಚಾಲಾಕಿಗಳ ಆಟ ನಡೆಯುವುದಿಲ್ಲ. ತಂದವರು ಯಾರು ಅಂತ ಕೇಳಬಾರದು, ಬಿಲ್ಲು ಕೇಳಬಾರದು. ಬಾಟಲಿ ತಂದವನಿಗೆ ಹಣ. ಹೆಕ್ಕುವವನ ಹೊಟ್ಟೆಪಾಡು ಉಳಿಯುವುದು ಈ ಒಂದು ನಿಯಮದಿಂದ.

ಗಾಜಿನ ಬಾಟಲಿಗೆ ಇನ್ನೂ ಸುಲಭದ ದಾರಿ ಇದೆ. ರಾಜ್ಯದಲ್ಲಿ ಮಾರುವ ಮದ್ಯವೆಲ್ಲಾ ಸರ್ಕಾರದ ಪಾನೀಯ ನಿಗಮದ ಡಿಪೋ ಮೂಲಕವೇ ಅಂಗಡಿಗೆ ಬರುವುದು. 2003ರಲ್ಲಿ ಹುಟ್ಟಿದ ನಿಗಮ ಅದು. ಯಾವ ಅಂಗಡಿಗೆ ಎಷ್ಟು ಪೆಟ್ಟಿಗೆ ಹೋಯಿತು ಎಂಬ ಲೆಕ್ಕ ಅಲ್ಲಿ ಪಕ್ಕಾ ಇರುತ್ತದೆ. ಹೊಸ ಇಲಾಖೆ ಬೇಡ, ಹೊಸ ಸಾಹೇಬರು ಬೇಡ. ತುಂಬಿದ ಪೆಟ್ಟಿಗೆ ತಂದ ಗಾಡಿ ಖಾಲಿ ಪೆಟ್ಟಿಗೆ ಒಯ್ದರಾಯಿತು. ಮದ್ಯದಿಂದ ಬರುವ ಅಬಕಾರಿ ಹಣವನ್ನು ಪೈಸೆ ಬಿಡದೆ ಎಣಿಸುವ ಸರ್ಕಾರಕ್ಕೆ ಬಾಟಲಿ ಎಣಿಸುವುದು ಕಷ್ಟವೇ?

ಕೇಳುವವರು ಕೇಳಬೇಕು

ಈ ಮೂರೂ ಊರಿನ ವ್ಯಾಪಾರಿಗಳು ಪ್ಲಾಸ್ಟಿಕ್ ದಂಡದ ವಿಷಯಕ್ಕೆ ಅಧಿಕಾರಿಗಳನ್ನು ಕಾಣಲು ಹೋದಾಗ ‘ದಂಡ ಬೇಡ’ ಅಂತಷ್ಟೇ ಹೇಳಿ ಬರುವುದು ಸಾಲದು. ‘ಡಿಪಾಜಿಟ್ ತನ್ನಿ, ಬಾಟಲಿ ಮೇಲೆ ಅಚ್ಚು ಹಾಕಿಸಿ, ನಮಗೆ ಶುಲ್ಕ ಕೊಡಿ, ಖಾಲಿ ಒಯ್ಯುವ ಗಾಡಿ ಕಳಿಸಿ’ ಎಂಬ ನಾಲ್ಕು ಮಾತು ಮನವಿಯಲ್ಲಿ ಬರೆದು ಕೊಡಬೇಕು. ಯೋಜನೆ ಬರುವುದಾದರೆ ಅಂಗಡಿಯವರನ್ನು ಕೂರಿಸಿಕೊಂಡು ಬರಲಿ. ಬೆಂಗಳೂರಿನ ಏಸಿ ಕೋಣೆಯಲ್ಲಿ ತಯಾರಾಗಿ ಬಂದರೆ ಹೊರೆ ಬೀಳುವುದು ಜಗಲಿಯ ಮೇಲೇ.

ಬಸ್ಸಿನ ಪ್ರಯಾಣಿಕರಿಗೂ ಒಂದು ಮಾತು. ಡಿಪಾಜಿಟ್ ಬಂದಾಗ ಎರಡು ರೂಪಾಯಿ ಜಾಸ್ತಿ ಅಂತ ಅಂಗಡಿಯವನ ಮೇಲೆ ಹರಿಹಾಯಬೇಡಿ. ಅದು ಬೆಲೆಯಲ್ಲ, ಬಾಟಲಿ ವಾಪಸ್ ಕೊಡುವ ತನಕ ಅಂಗಡಿಯಲ್ಲಿ ಇಟ್ಟ ನಿಮ್ಮದೇ ಹಣ. ಅದು ಬರುವ ತನಕ ಖಾಲಿ ಬಾಟಲಿ ಕಿಟಕಿಯಾಚೆ ಹೋಗದೆ ಚೀಲದೊಳಗೆ ಇಳಿಯಲಿ. ಅಂಗಡಿಯವರು ಬಾಗಿಲ ಬದಿಗೆ ಒಂದು ಗೋಣಿಚೀಲ ಕಟ್ಟಿಟ್ಟರೆ ಗುಜರಿಯವರಾದರೂ ಕೆಸರಿಗೆ ಕೈ ಹಾಕದೆ ಒಯ್ದಾರು.

ಗೋಣಿಚೀಲಕ್ಕೆ ಸರ್ಕಾರಿ ಆದೇಶ ಬೇಕಿಲ್ಲ. ಡಿಪಾಜಿಟ್ಟಿಗೆ ಬೇಕು. ಮುಂದಿನ ಮಳೆಗೆ ಮೊದಲು ಬರುತ್ತದೆಯೋ, ಇನ್ನೊಂದು ನಾಟಿಯ ಹೆಂಗಸರ ಕಾಲು ಕೊಯ್ದ ಮೇಲೆ ಬರುತ್ತದೆಯೋ, ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ.